ತೋಳಿನ ಪೈಪು, ಎದೆಯ ಗುಂಡಿ

ಅಕ್ಕನಿಗೆ ಎರಡನೆಯ ಸಲ ಕೀಮೋ ಕೊಡುತ್ತಿದ್ದ ದಿನ ನಾನು ಅವಳ ಪಕ್ಕದಲ್ಲೇ ಇದ್ದೆ. ಆದರೂ ಅವಳ ಕೈಯ ಕಡೆ ನನ್ನ ಗಮನ ಇರಲಿಲ್ಲ. ಹೈದರಾಬಾದಿನ ಆ ಆಸ್ಪತ್ರೆಯ ಕಿಟಕಿಯ ಕೆಳಗೆ ಜನ ಹಲಗೆ ಬಾರಿಸುತ್ತ, ಒಬ್ಬರಿಗೊಬ್ಬರು ಬಣ್ಣ ಎರಚುತ್ತ ಹೋಗುತ್ತಿದ್ದರು. ಪ್ರತ್ಯೇಕ ತೆಲಂಗಾಣದ ಮಸೂದೆ ದಿಲ್ಲಿಯಲ್ಲಿ ಪಾಸಾಗಿತ್ತು. ನಾನು ಎದ್ದು ಹೋಗಿ ಗಾಜಿಗೆ ಹಣೆ ಹಚ್ಚಿ ನೋಡುತ್ತಿದ್ದೆ.

"ತಂಗೀ, ಕೈ ಉರ್ಯಾಕ ಹತ್ತೈತಿ" ಅಂದಳು ಅಕ್ಕ.

"ಕೆಂಪು ಔಷಧಿ ಅಲ್ಲೇನು, ಹಂಗ ಆಗ್ತೈತಿ. ಸ್ವಲ್ಪ ತಡಿ" ಅಂದೆ, ತಿರುಗಿ ನೋಡದೆ.

ಅವಳು ತಡೆದಳು. ಅವಳ ಸ್ವಭಾವವೇ ಅದು. ನರ್ಸ್ ತಾನಾಗಿ ಬಂದು ನೋಡುವ ಹೊತ್ತಿಗೆ ಅಂಗೈಯ ಹಿಂಭಾಗ ಉಬ್ಬಿ ಕೆಂಪಾಗಿತ್ತು. ಆಕೆ ತಟಕ್ಕನೆ ಔಷಧಿ ನಿಲ್ಲಿಸಿದಳು. ಸೂಜಿ ತೆಗೆಯುವ ಮೊದಲು ಅದರಿಂದಲೇ ಎಷ್ಟು ಸಾಧ್ಯವೋ ಅಷ್ಟು ಹಿಂದಕ್ಕೆ ಎಳೆದುಕೊಂಡಳು, ಮಂಜುಗಡ್ಡೆಯ ಚೀಲ ಇಟ್ಟಳು, ಓಡಿ ಹೋಗಿ ಡಾಕ್ಟರನ್ನು ಕರೆತಂದಳು. ನರದೊಳಗೆ ಹೋಗಬೇಕಾದ ಔಷಧಿ ನರ ದಾಟಿ ಮಾಂಸಕ್ಕೆ ಸೋರಿತ್ತು.

ಹತ್ತು ದಿನದೊಳಗೆ ಆ ಜಾಗ ಕಪ್ಪಾಯಿತು. ಲಿಂಬೆಹಣ್ಣಿನಷ್ಟು ಅಗಲದ ಕಪ್ಪು. ತೋರುಬೆರಳು, ನಡುಬೆರಳು ಪೂರ್ತಿ ಮಡಚಲು ಬರಲಿಲ್ಲ. ಬೇರೆಯವರಿಗಾದರೆ ಅದೊಂದು ಗಾಯ. ಅಕ್ಕ ನೇಕಾರಳು.

ನಾವಿಬ್ಬರೂ ಹುಟ್ಟಿದ್ದು ನಾರಾಯಣಪೇಟೆಯ ಮಗ್ಗದ ಮನೆಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ನನ್ನ ಕೈಯಲ್ಲಿ ನೂಲು ಸದಾ ಗಂಟಾಗುತ್ತಿತ್ತು, ಅದಕ್ಕೇ ನನ್ನನ್ನು ಓದಲು ಕಳಿಸಿದರು. ನಾನು ಮಖ್ತಲಿನಲ್ಲಿ ಕನ್ನಡ ಮಾಧ್ಯಮದ ಶಾಲೆಯ ಟೀಚರಾದೆ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮಗ್ಗದ ಮೇಲೆ ಕೂತವಳು ಏಳಲೇ ಇಲ್ಲ. ಮದುವೆಯಾಗಿ ಗದ್ವಾಲಕ್ಕೆ ಹೋದ ಮೇಲೆ ಅಲ್ಲಿಯ ಸೀರೆ ಕಲಿತಳು: ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಒಡಲಿಗೊಂದು ಲಾಳಿ, ಎರಡು ಅಂಚಿಗೆ ಎರಡು ಲಾಳಿ, ಮೂರನ್ನೂ ಕೈಯಿಂದಲೇ ಒಗೆದು ಹಿಡಿಯಬೇಕು. ಭಾವ ಅವಳ ಜೊತೆ ಅದೇ ಮಗ್ಗದಲ್ಲಿ ಕೂರುತ್ತಿದ್ದ. ಮಾತು ಕಡಿಮೆ ಅವನದು. ಅವರಿಬ್ಬರೂ ನೇಯುವಾಗ ಪಕ್ಕದ ಕೋಣೆಯಲ್ಲಿ ಮಲಗಿದರೆ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಹಿಂದಿನ ವರ್ಷದ ಕೊನೆಗೆ ಅವಳ ಎಡ ಸ್ತನವನ್ನು ತೆಗೆದಿದ್ದರು. ಎಡ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ ಆ ತೋಳು ಬಾತುಕೊಳ್ಳುವ ಭಯ. ಅದಕ್ಕೆ ಸೂಜಿ ಚುಚ್ಚುವ ಹಾಗಿಲ್ಲ ಎಂದಿದ್ದರು. ಉಳಿದದ್ದು ಬಲಗೈ ಒಂದೇ. ಈಗ ಅದೂ ಹೀಗಾಯಿತು. ಔಷಧಿಯೋ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಬಾಕಿ ಇತ್ತು.

ಡಾಕ್ಟರ್ ನಡುವಯಸ್ಸಿನ ಹೆಂಗಸು. ತೆಲುಗಿನಲ್ಲೇ ಮಾತಾಡುತ್ತಿದ್ದರು, ಅವರು ಹೇಳಿದ್ದನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮುಂದಿನ ಕೀಮೋಕ್ಕೆ ಹೋದ ದಿನ ಅವರು ಅಕ್ಕನ ಕೈ ಹಿಡಿದು ಬಹಳ ಹೊತ್ತು ನೋಡಿ, "ಇನ್ನು ಈ ಸಣ್ಣ ನರಗಳ ತಂಟೆಗೆ ಹೋಗುವುದು ಬೇಡ. ದೊಡ್ಡ ನರಕ್ಕೇ ದಾರಿ ಮಾಡಿಕೊಳ್ಳೋಣ" ಎಂದರು. ಮೇಜಿನ ಮೇಲಿದ್ದ ಕಾಗದದಲ್ಲಿ ಒಂದು ಹೃದಯ, ಅದರ ಮೇಲೆ ಒಂದು ದಪ್ಪ ನರ ಬರೆದರು. ಅಲ್ಲಿಗೆ ತಲುಪಲು ಹಲವು ದಾರಿಗಳಿವೆ ಎಂದರು. ಒಂದು, ತೋಳಿನ ನರದೊಳಗೆ ಸಣ್ಣ ಪೈಪು ತೂರಿಸಿ ಹೃದಯದ ಹತ್ತಿರದವರೆಗೆ ಬಿಡುವುದು; ಪಿಕ್ ಲೈನ್ ಅನ್ನುತ್ತಾರೆ. ಆಪರೇಷನ್ ಇಲ್ಲ, ಇವತ್ತೇ ಆಗುತ್ತದೆ. ಆದರೆ ಬಾಲ ಹೊರಗೆ ಇರುತ್ತದೆ, ವಾರಕ್ಕೊಮ್ಮೆ ಡ್ರೆಸಿಂಗ್ ಆಗಬೇಕು, ಪೈಪಿಗೆ ಸಲೈನ್ ಬಿಟ್ಟು ತೊಳೆಯಬೇಕು, ನೀರು ತಾಗಬಾರದು. ಇನ್ನೊಂದು, ಎದೆಯ ಚರ್ಮದ ಕೆಳಗೆ ಅಂಗಿಯ ಗುಂಡಿಯಂಥದ್ದನ್ನು ಹುದುಗಿಸುವುದು, ಪೋರ್ಟ್. ಚಿಕ್ಕ ಆಪರೇಷನ್ ಬೇಕು, ಗಾಯ ಮಾಯಬೇಕು. ಮಾಯ್ದ ಮೇಲೆ ಹೊರಗೆ ಏನೂ ಇರುವುದಿಲ್ಲ, ಸ್ನಾನ ಮಾಡಬಹುದು, ಬಳಸದಿದ್ದರೆ ತಿಂಗಳಿಗೊಮ್ಮೆ ತೊಳೆದರೆ ಸಾಕು. ಎದೆಯಿಂದಲೇ ಪೈಪು ಹೊರಗೆ ಬರುವ ಮೂರನೆಯ ಬಗೆಯೂ ಇದೆ, ನಿಮಗೆ ಅದರ ಅಗತ್ಯವಿಲ್ಲ ಎಂದರು.

"ನಿಮ್ಮದು ವರ್ಷದ ಚಿಕಿತ್ಸೆ. ನನ್ನನ್ನು ಕೇಳಿದರೆ ಪೋರ್ಟ್ ಒಳ್ಳೆಯದು. ಎರಡರಲ್ಲೂ ಸೋಂಕು, ರಕ್ತ ಹೆಪ್ಪುಗಟ್ಟುವ ಭಯ ಸ್ವಲ್ಪ ಇದ್ದೇ ಇರುತ್ತದೆ. ಯೋಚನೆ ಮಾಡಿ."

ಅಕ್ಕ ಬಾಯಿ ತೆರೆದಳು. "ಅಮ್ಮಾರ, ಲಾಳಿ..."

ನಾನು ನಡುವೆ ಬಾಯಿ ಹಾಕಿದೆ. "ಮತ್ತ ಕೊಯ್ಯೋದು ಬ್ಯಾಡ ಅಕ್ಕಾ. ಈಗರ ಹೊಲಿಗಿ ಬಿಚ್ಯಾರ. ತೋಳಿಂದು ಇವತ್ತ ಆಗ್ತೈತಿ, ಅದ ಇರ್ಲಿ."

ಅವಳು ನನ್ನ ಮುಖ ನೋಡಿದಳು, ಭಾವನ ಮುಖ ನೋಡಿದಳು. ಭಾವ, "ಟೀಚರಮ್ಮ ಹೇಳಿದಂಗ ಆಗ್ಲಿ" ಅಂದ. ಓದಿದವಳು ನಾನೊಬ್ಬಳೇ ಅಲ್ಲವೇ. ನನಗೆ ಆಪರೇಷನ್ ಎಂಬ ಮಾತಿನ ಹೆದರಿಕೆ ಇದ್ದದ್ದು ನಿಜ. ಮರುದಿನ ಶಾಲೆಯಲ್ಲಿ ಪರೀಕ್ಷೆಯ ಕೆಲಸ ಇದ್ದದ್ದೂ, ಇನ್ನೊಂದು ಸಲ ರಜೆ ಕೇಳಲು ಮುಖ ಇಲ್ಲದ್ದೂ ಅಷ್ಟೇ ನಿಜ. ಎರಡನೆಯದನ್ನು ಆಗ ಯಾರಿಗೂ ಹೇಳಲಿಲ್ಲ.

ಪೈಪು ಹಾಕುವುದು ಗಂಟೆಯೊಳಗೆ ಮುಗಿಯಿತು. ತೋಳಿನಿಂದ ಎದೆಯವರೆಗೆ ಟೇಪಿನಿಂದ ಅಳೆದರು, ಯಂತ್ರದ ಪರದೆಯಲ್ಲಿ ನರ ನೋಡಿಕೊಂಡು ತೂರಿಸಿದರು, ತುದಿ ಸರಿಯಾದ ಜಾಗಕ್ಕೆ ಹೋಗಿದೆಯೋ ಎಂದು ಎಕ್ಸರೇ ತೆಗೆದರು. ಹೊರಗೆ ಬಂದ ಅಕ್ಕನ ಬಲ ತೋಳಿನಲ್ಲಿ ಪಾರದರ್ಶಕ ಪಟ್ಟಿಯ ಕೆಳಗೆ ನೇರಳೆ ಬಣ್ಣದ ಬಾಲ ಕಾಣುತ್ತಿತ್ತು. "ನೋವಿಲ್ಲ ನೋಡು" ಅಂದಳು. ನನಗೆ ಗೆದ್ದ ಹಾಗೆ ಅನ್ನಿಸಿತು.

ನೆಮ್ಮದಿ ಎಂಬುದು ಅವತ್ತಿಗೇ ಮುಗಿಯಿತು. ಡ್ರೆಸಿಂಗ್ ಯಾರು ಮಾಡಬೇಕು? ಗದ್ವಾಲದಲ್ಲಿ ನಾವು ಕೇಳಿದ ಒಂದೆರಡು ಕಡೆ ಆ ಬಾಲವನ್ನು ನೋಡಿಯೇ ಹಿಂದೆ ಸರಿದರು. ವಾರವಾರ ಹೈದರಾಬಾದಿಗೆ ಹೋಗುವುದು ಅಕ್ಕನ ಮೈಗೆ ಆಗುತ್ತಿರಲಿಲ್ಲ. ಕಡೆಗೆ ನಾನೇ ಆಸ್ಪತ್ರೆಯ ನರ್ಸಿನ ಬಳಿ ಕಲಿತೆ. ಕೈ ತೊಳೆಯುವುದು ಹೇಗೆ, ಕೈಗವಸು ಹೇಗೆ ಹಾಕಬೇಕು, ಬಾಲದ ಮೂತಿಯನ್ನು ಎಷ್ಟು ಹೊತ್ತು ಒರೆಸಬೇಕು, ಸಿರಿಂಜಿನ ಸಲೈನನ್ನು ಒಮ್ಮೆಲೇ ತಳ್ಳದೆ ತಡೆತಡೆದು ಹೇಗೆ ತಳ್ಳಬೇಕು. ಮೂರು ಸಲ ಆಕೆಯ ಮುಂದೆ ಮಾಡಿ ತೋರಿಸಿದೆ. "ಚಳಿ, ಜ್ವರ, ತೋಳು ಬಾವು, ಯಾವುದು ಬಂದರೂ ಕಾಯಬೇಡಿ, ಫೋನ್ ಮಾಡಿ" ಎಂದು ಡಾಕ್ಟರ್ ತಮ್ಮ ನಂಬರ್ ಬರೆದುಕೊಟ್ಟರು.

ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಮಖ್ತಲಿನಿಂದ ಸ್ಕೂಟಿ ಹತ್ತುತ್ತಿದ್ದೆ. ಅಮರಚಿಂತ ದಾಟಿ ಜೂರಾಲದ ಅಣೆಕಟ್ಟೆಯ ಮೇಲಿಂದ ಗದ್ವಾಲ. ಬಿಸಿಲಿಗೆ ನದಿ ಬಂಡೆಬಂಡೆಯಾಗಿ ಬಿದ್ದಿರುತ್ತಿತ್ತು. ಆ ಕಟ್ಟೆಯ ಮೇಲೆ ನಿಂತು ಮೀನು ತಿನ್ನುವವರಿದ್ದರು, ಫೋಟೋ ತೆಗೆಸಿಕೊಳ್ಳುವವರಿದ್ದರು. ನಾನು ಒಂದು ಸಲವೂ ನಿಲ್ಲಲಿಲ್ಲ. ಸೀಟಿನ ಕೆಳಗೆ ಡ್ರೆಸಿಂಗಿನ ಪೊಟ್ಟಣಗಳಿದ್ದವು, ಬಿಸಿಲಿಗೆ ಏನಾದರೂ ಆದೀತೆಂದು ಅವಸರ. ವಾರದ ನಡುವೆ ಪಾಠ ಮಾಡುತ್ತಿರುವಾಗ ಫೋನ್ ಸದ್ದಾದರೆ ಸೀಮೆಸುಣ್ಣ ಕೈಯಿಂದ ಜಾರುತ್ತಿತ್ತು. ದಿನಕ್ಕೆರಡು ಸಲ ಅಕ್ಕನಿಗೆ ಫೋನ್ ಮಾಡಿ ಥರ್ಮಾಮೀಟರ್ ಇಟ್ಟೆಯಾ ಎಂದು ಕೇಳುತ್ತಿದ್ದೆ. "ಇಟ್ನಿ" ಅನ್ನುತ್ತಿದ್ದಳು. ಇಟ್ಟಿದ್ದಳೋ ಇಲ್ಲವೋ ದೇವರೇ ಬಲ್ಲ.

ಅಕ್ಕನ ಕಿರಿಕಿರಿ ಬೇರೆ ಬಗೆಯದು. ಸ್ನಾನಕ್ಕೆ ಹೋದರೆ ತೋಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಕೈಯನ್ನು ಗೋಡೆಗೆ ಚಾಚಿ ನಿಲ್ಲಬೇಕು. ರವಿಕೆಯ ತೋಳು ಉಜ್ಜಬಾರದು. ಭಾರ ಎತ್ತಬಾರದು, ಒಂದೇ ಸಮ ತೋಳು ಆಡಿಸಬಾರದು. ಮಗ್ಗದ ಮೇಲೆ ಅರ್ಧಕ್ಕೆ ನಿಂತ ಸೀರೆಯೊಂದಿತ್ತು. ಭಾವ ಬೇರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಲು ಒಪ್ಪಲಿಲ್ಲ. ಒಂಟಿಯಾಗಿ ಬೇರೆ ಸಾದಾ ಮಗ್ಗದಲ್ಲಿ ನೇಯುತ್ತಿದ್ದ. ಕೈಯ ಕಪ್ಪು ಗಾಯ ಎರಡು ತಿಂಗಳಲ್ಲಿ ಮಾಯುತ್ತ ಬಂತು, ಬೆರಳು ಮೆಲ್ಲಗೆ ಮಡಚತೊಡಗಿತು. ಅದೇ ತೊಂದರೆಯಾಯಿತು.

ಮೇ ತಿಂಗಳ ಒಂದು ಭಾನುವಾರ ಯಾವತ್ತಿಗಿಂತ ಬೇಗ ಹೋದೆ. ಬಾಗಿಲಲ್ಲೇ ಲಾಳಿಯ ಸದ್ದು ಕೇಳಿತು. ಒಳಗೆ ಅಕ್ಕ ಮಗ್ಗದ ಕೆಳಗಿನ ಕುಳಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಕೂದಲು ಉದುರಿದ ತಲೆಗೆ ಸೆರಗು ಸುತ್ತಿದ್ದಳು, ಮುಖದ ತುಂಬ ಬೆವರು. ಪಕ್ಕದಲ್ಲಿ ಭಾವ ಕಳ್ಳನ ಹಾಗೆ ತಲೆ ತಗ್ಗಿಸಿದ.

"ಏನಿದು ಅಕ್ಕಾ? ಪೈಪು ಸರಿದ್ರ ಏನ್ ಮಾಡ್ತಿ?"

"ಎರಡು ಬೆರಳಿನಷ್ಟು ನೇಯ್ದೀನಿ ಅಷ್ಟ."

"ಅಷ್ಟರ ಯಾಕ ಬೇಕಿತ್ತು? ನಾನು ಬಿಸಿಲಾಗ ಓಡಾಡೋದು ಯಾರ ಸಲುವಾಗಿ?"

ಅವಳಿಗೆ ಸಿಟ್ಟು ಬಂದದ್ದನ್ನು ನಾನು ಅಪರೂಪಕ್ಕೆ ನೋಡಿದ್ದು. "ನೀ ಓಡಾಡ್ತಿ. ಇವ್ರು ನೇಯ್ತಾರ. ನಾನೊಬ್ಬಾಕಿ ಕೈ ಹಿಂಗ ಇಟ್ಕೊಂಡು ಗ್ವಾಡಿ ನೋಡಬೇಕು. ಎಷ್ಟ್ ದಿನ ನೋಡ್ಲಿ? ಕೈ ಸುಮ್ಮನ ಇಟ್ರ ನನಗ ಹುಚ್ಚು ಹಿಡಿತೈತಿ ತಂಗೀ."

ಡ್ರೆಸಿಂಗಿನ ಒಂದು ಅಂಚು ಬೆವರಿಗೆ ಎದ್ದಿತ್ತು. ಸಿಟ್ಟಿನಲ್ಲೇ ಅದನ್ನು ಕಿತ್ತು ಹೊಸದು ಹಾಕಿದೆ. ಒರೆಸಿದ ಔಷಧಿ ಪೂರ್ತಿ ಒಣಗುವವರೆಗೆ ಕಾದೆನೋ ಇಲ್ಲವೋ, ಎಷ್ಟು ನೆನಪಿಸಿಕೊಂಡರೂ ಇವತ್ತಿಗೂ ಗೊತ್ತಾಗುವುದಿಲ್ಲ.

ಹೊಸ ರಾಜ್ಯ ಹುಟ್ಟಿದ ದಿನ ಸೋಮವಾರ. ಬೇಸಿಗೆ ರಜೆ ಇನ್ನೂ ಮುಗಿದಿರಲಿಲ್ಲ, ನಾನು ಗದ್ವಾಲದಲ್ಲೇ ಇದ್ದೆ. ಹಿಂದಿನ ದಿನ ನಂಟರ ಮನೆಯ ಮದುವೆಗೆ ಹೋಗಿದ್ದರಿಂದ ಡ್ರೆಸಿಂಗ್ ಒಂದು ದಿನ ತಡವಾಗಿತ್ತು. ಬೀದಿಯಲ್ಲಿ ಬೆಳಿಗ್ಗೆಯಿಂದಲೇ ಹಲಗೆ, ಪಟಾಕಿ, ಮಕ್ಕಳ ಕೂಗು. ಎಲ್ಲರೂ ಬಾವುಟ ಹಾರಿಸುವ ಕಡೆ ಹೊರಟಿದ್ದರು. ನಾನು ಬಾಗಿಲು ಮುಂದೆ ಮಾಡಿ, ಡ್ರೆಸಿಂಗ್ ಮುಗಿಸಿ, ಪೈಪಿಗೆ ಸಲೈನ್ ಬಿಟ್ಟೆ.

ಅರ್ಧ ಗಂಟೆಯೂ ಆಗಿರಲಿಲ್ಲ. ಅಕ್ಕ, "ಯಾಕೋ ಚಳಿ ಬರಾಕ ಹತ್ತೈತಿ" ಅಂದಳು. ಜೂನ್ ತಿಂಗಳ ಗದ್ವಾಲದಲ್ಲಿ ಚಳಿ! ಒಂದು ಕೌದಿ ಹೊದಿಸಿದೆ, ಇನ್ನೊಂದು ಹೊದಿಸಿದೆ. ಹಲ್ಲು ಕಟಕಟ ಅನ್ನತೊಡಗಿದವು, ಮಂಚ ಅಲುಗುತ್ತಿತ್ತು. ಭಾವ ಅವಳ ಪಾದಗಳನ್ನು ಎರಡೂ ಕೈಯಿಂದ ಹಿಡಿದು ಕೂತ. ಹೊರಗೆ ಹಲಗೆಯ ಸದ್ದು ಮನೆಯ ಮುಂದೆಯೇ ಬಂದು ನಿಂತ ಹಾಗಿತ್ತು. ಡಾಕ್ಟರಿಗೆ ಫೋನ್ ಮಾಡಿ ಒಂದು ಕಿವಿ ಮುಚ್ಚಿಕೊಂಡು ಕೂಗಿ ಕೂಗಿ ಹೇಳಿದೆ.

"ಸಲೈನ್ ಬಿಟ್ಟ ಮೇಲೆ ಚಳಿ ಬಂತೇ? ಹಾಗಾದರೆ ಪೈಪಿನದೇ ಇರಬೇಕು. ಇನ್ನು ಅದರಲ್ಲಿ ಏನನ್ನೂ ಬಿಡಬೇಡಿ. ಹೈದರಾಬಾದಿಗೆ ಬರುವಷ್ಟು ಹೊತ್ತಿಲ್ಲ. ನಿಮಗೆ ಹತ್ತಿರದ ದೊಡ್ಡ ಆಸ್ಪತ್ರೆ ಯಾವುದು?"

"ಕರ್ನೂಲು, ಅಮ್ಮಾ."

"ಹೊರಡಿ. ಅಲ್ಲಿಯವರ ಜೊತೆ ನಾನು ಮಾತಾಡುತ್ತೇನೆ."

ಗಾಡಿ ಎಲ್ಲಿ ಸಿಗಬೇಕು? ಆಟೋಗಳೆಲ್ಲ ಬಾವುಟ ಕಟ್ಟಿಕೊಂಡು ಮೆರವಣಿಗೆಯಲ್ಲಿದ್ದವು. ಭಾವ ಓಡಿಹೋಗಿ ತನಗೆ ನೂಲು ಕೊಡುವ ಅಂಗಡಿಯವರನ್ನು ಮೆರವಣಿಗೆಯಿಂದಲೇ ಎಳೆದು ತಂದ. ಆ ಪುಣ್ಯಾತ್ಮರು ಬಣ್ಣ ಬಳಿದ ಮುಖದಲ್ಲೇ ತಮ್ಮ ಕಾರು ಓಡಿಸಿದರು. ಊರು ದಾಟುವವರೆಗೆ ಹೆಜ್ಜೆಗೊಂದು ಕಡೆ ಜನ ಅಡ್ಡ ನಿಂತು ಜೈಕಾರ ಹಾಕುತ್ತಿದ್ದರು. ಒಳಗೆ ಇಣುಕಿ ಅಕ್ಕನನ್ನು ಕಂಡದ್ದೇ ಸರಿದು ದಾರಿ ಬಿಡುತ್ತಿದ್ದರು.

ತುಂಗಭದ್ರೆಯ ಸೇತುವೆ ಬಂದಾಗ ಭಾವ ಮೊದಲ ಸಲ ಬಾಯಿ ಬಿಟ್ಟ. "ಹೊಳಿ ಆಚಿ ಕಡಿ ಇವತ್ತಿಂದ ಬ್ಯಾರೆ ರಾಜ್ಯ. ನಮ್ಮನ್ನ ಒಳಗ ತಗೋತಾರೇನ್ರಿ?"

ಅಂಗಡಿಯವರು, "ಜ್ವರಕ್ಕ ರಾಜ್ಯ ಐತೇನಪ್ಪಾ? ಸುಮ್ನ ಕೂಡು" ಅಂದರು.

ಕರ್ನೂಲಿನ ಆಸ್ಪತ್ರೆಯಲ್ಲಿ ಯಾರೂ ಯಾವ ರಾಜ್ಯ ಎಂದು ಕೇಳಲಿಲ್ಲ. ಪೈಪಿನಿಂದಲೂ ಕೈಯಿಂದಲೂ ಬೇರೆಬೇರೆ ಸೀಸೆಗೆ ರಕ್ತ ತೆಗೆದರು. ಹೈದರಾಬಾದಿನ ಡಾಕ್ಟರೊಡನೆ ಮಾತಾಡಿ, ಪೈಪು ತೆಗೆಯುವುದೇ ಸರಿ ಎಂದರು. ಎಳೆಯ ವಯಸ್ಸಿನ ಡಾಕ್ಟರ್ ಒಬ್ಬ ಮೆಲ್ಲಗೆ ಎಳೆದು ತೆಗೆದು ಸ್ಟೀಲಿನ ತಟ್ಟೆಯಲ್ಲಿಟ್ಟ. ಒಂದು ಮೊಳಕ್ಕೆ ಕಡಿಮೆಯಿಲ್ಲ. ಇಷ್ಟುದ್ದದ್ದು ಅಕ್ಕನ ಮೈಯೊಳಗಿತ್ತೇ ಎಂದು ನೋಡುತ್ತಲೇ ನಿಂತೆ.

"ಮನೆಯಲ್ಲಿ ಡ್ರೆಸಿಂಗ್ ಯಾರು ಮಾಡುತ್ತಿದ್ದರು?"

"ನಾನು."

ಅವನು ನನ್ನನ್ನು ಒಂದು ಕ್ಷಣ ನೋಡಿದ. "ಆಸ್ಪತ್ರೆಯಲ್ಲಿ ಮಾಡಿದರೂ ಸೋಂಕು ಆಗುವುದುಂಟು. ಯಾವಾಗ, ಹೇಗೆ ಸೇರಿತು ಎಂದು ಹೇಳಲು ಬರುವುದಿಲ್ಲ" ಅಂದ. ದಯೆಯಿಂದಲೇ ಹೇಳಿದ. ಬೈದಿದ್ದರೆ ನನಗೆ ಇನ್ನೂ ಹಗುರಾಗುತ್ತಿತ್ತು.

ಮೂರನೆಯ ದಿನ ಜ್ವರ ಇಳಿಯಿತು. ಸೋಂಕಿನ ಔಷಧಿಯನ್ನು ಹತ್ತು ದಿನಕ್ಕೂ ಮೇಲೆ ಕೊಟ್ಟರು, ಮತ್ತೆ ಅದೇ ಬಲಗೈಯ ಸಣ್ಣ ನರಗಳಿಗೆ, ದಿನಕ್ಕೊಂದು ಕಡೆ ಹುಡುಕಿ. ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಎಂಟನೆಯ ದಿನವೋ ಏನೋ ಅಕ್ಕ ನನ್ನ ಸೆರಗು ಹಿಡಿದು ಕೂರಿಸಿದಳು.

"ಯಾಕ ಹಿಂಗ ತಿರಗ್ತಿ? ನನಗ ನೋಡಿ ನೋಡಿ ತಲಿ ತಿರಗಾಕ ಹತ್ತೈತಿ."

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಪರೀಕ್ಷೆಯ ಕೆಲಸ, ರಜೆ, ಕಿಟಕಿಯ ಹತ್ತಿರ ನಿಂತದ್ದು, ಸಿಟ್ಟಿನಲ್ಲಿ ಮಾಡಿದ ಡ್ರೆಸಿಂಗ್. ಅಳು ಬಂತು. ಪಕ್ಕದ ಹಾಸಿಗೆಯವರೆಲ್ಲ ನೋಡುತ್ತಿದ್ದರು.

"ತಪ್ಪಿಲ್ಲ ಅಂತ ನಾ ಹೇಳಂಗಿಲ್ಲ. ಅವತ್ತು ನಾನು ಒಂದು ಮಾತು ಕೇಳಬೇಕಿತ್ತು, ನೀ ಬಿಡ್ಲಿಲ್ಲ" ಅಂದಳು ಅಕ್ಕ. ಆಮೇಲೆ, "ನಾನೂ ಬಾಯಿ ಮುಚ್ಕೊಂಡು ಕುಂತ್ನಿ. ಮಗ್ಗಾನೂ ಹತ್ತಿದ್ನಿ. ಇನ್ನ ಮ್ಯಾಲೆ ನನ್ನ ಮೈದು ನಾನ ಕೇಳ್ತೀನಿ. ನೀ ಬಾಜುಕ ಕೂಡು ಸಾಕು."

ಹಾಗೆಯೇ ಮಾಡಿದಳು. ರಕ್ತದಲ್ಲಿ ಸೋಂಕು ಇಲ್ಲ ಎಂದು ಖಾತ್ರಿಯಾದ ಮೇಲೆ ಹೈದರಾಬಾದಿಗೆ ಹೋದೆವು. ಪೋರ್ಟ್ ಹಾಕುವ ಸರ್ಜನ್ ಎದುರಿಗೆ ಅಕ್ಕ ಕೂತಳು, ನಾನು ಬಾಯಿಗೆ ಬೀಗ ಹಾಕಿಕೊಂಡು ಪಕ್ಕದಲ್ಲಿ. ಅವಳು ತೆಲುಗಿನಲ್ಲಿ ಕೇಳಿದಳು: "ನಾನು ಲಾಳಿ ಒಗೆಯುವವಳು. ಇದನ್ನು ಹಾಕಿಸಿಕೊಂಡರೆ ಒಗೆಯಬಹುದೇ?"

ಸರ್ಜನ್ ಪೆನ್ನು ಕೆಳಗಿಟ್ಟು, "ಲಾಳಿ ಹೇಗೆ ಒಗೆಯುತ್ತಾರೆ, ನನಗೆ ಗೊತ್ತಿಲ್ಲವಲ್ಲ" ಎಂದರು.

ಅಕ್ಕ ಸ್ಟೂಲಿನಿಂದ ಎದ್ದು ರೋಗಿಗಳ ಮಂಚದ ಅಂಚಿನಲ್ಲಿ ಕೂತಳು. ಇಲ್ಲದ ಮಗ್ಗಕ್ಕೆ ಎದೆ ತಾಗಿಸಿ ಸ್ವಲ್ಪ ಬಾಗಿದಳು. ಬಲಗೈಯಿಂದ ಇಲ್ಲದ ಲಾಳಿಯನ್ನು ಒಗೆದಳು, ಎಡಗೈಯಿಂದ ಹಿಡಿದಳು, ನೂಲು ಒತ್ತುವ ಹಣಿಗೆಯನ್ನು ಎದೆಯ ಕಡೆಗೆ ಎಳೆದು ಬಡಿದಳು. ನಾಲ್ಕೈದು ಸಲ. ಸರ್ಜನ್ ಎದ್ದು ಬಂದು ಅವಳ ಬಲ ಭುಜದ ಮೇಲೆ ಕೈಯಿಟ್ಟು, "ಇನ್ನೊಮ್ಮೆ ಮಾಡಿ" ಎಂದರು. ಮೂಳೆ ಎಲ್ಲಿ ಆಡುತ್ತದೆ, ಮಗ್ಗದ ಮರ ಎದೆಯ ಯಾವ ಕಡೆ ಒತ್ತುತ್ತದೆ, ರವಿಕೆಯ ಪಟ್ಟಿ ಎಲ್ಲಿ ಬರುತ್ತದೆ, ಎಲ್ಲ ಕೇಳಿದರು. ಕೊರಳೆಲುಬಿನ ಕೆಳಗೆ ಒಂದು ಜಾಗ ಗುರುತಿಸಿ, ಮತ್ತೆ ಒಗೆಯಲು ಹೇಳಿ, ಆ ಗುರುತನ್ನು ಅಳಿಸಿ ಒಂದು ಬೆರಳು ಒಳಗೆ ಹೊಸ ಗುರುತು ಹಾಕಿದರು. "ಗಾಯ ಮಾಯುವವರೆಗೆ ಬೇಡ. ಮಾಯ್ದ ಮೇಲೆ ನಾನು ನೋಡಿ ಹೇಳುತ್ತೇನೆ, ಆಮೇಲೆ ಒಗೆಯಿರಿ" ಎಂದರು.

ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಸೂಜಿ ಕೊಟ್ಟು ಕೆಲಸ ಮುಗಿಸಿದರು. ನಾನು ಹೊರಗೆ ಬಾಗಿಲಿನ ಎದುರು ನಿಂತೇ ಇದ್ದೆ. ವಾರವೆಲ್ಲ ನೋವಿತ್ತು, ಕುತ್ತಿಗೆ ತಿರುಗಿಸಲು ಕಷ್ಟಪಟ್ಟಳು. ಹೊಲಿಗೆ ಬಿಚ್ಚಿದ ಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ ಎರಡು ಕೊಡ ಬಿಸಿನೀರು ಕಾಯಿಸಿಕೊಂಡು ತಲೆಯಿಂದ ಕಾಲಿನವರೆಗೆ ಸುರಿದುಕೊಂಡದ್ದು. ಬಚ್ಚಲಿನಿಂದ ಹೊರಗೇ ಬರಲೊಲ್ಲಳು.

ನಿಂತಿದ್ದ ಕೀಮೋ ಮುಂದುವರಿಯಿತು. ಚರ್ಮದ ಮೇಲಿಂದ ಆ ಗುಂಡಿಗೆ ಒಂದೇ ಸಲ ಸೂಜಿ, ಮುಗಿದರೆ ತೆಗೆದು ಹತ್ತಿ ಒತ್ತಿದರೆ ಆಯಿತು. ಆದರೂ ಪ್ರತಿ ಸಲ ಔಷಧಿ ಇಳಿಯುವಾಗ ನಾನು ಆ ಜಾಗದಿಂದ ಕಣ್ಣು ತೆಗೆಯುತ್ತಿರಲಿಲ್ಲ. ಸರ್ಜನ್ ಒಪ್ಪಿಗೆ ಕೊಟ್ಟ ವಾರ ಅಕ್ಕ ಭಾವನ ಪಕ್ಕದಲ್ಲಿ ಮಗ್ಗದಲ್ಲಿ ಕೂತಳು. ಅವತ್ತು ಒಂದು ಗೇಣು, ಮರುದಿನ ಮೈಕೈ ನೋವು. ದಸರೆಗೆ ಮೊದಲು ಆ ಸೀರೆ ಮಗ್ಗದಿಂದ ಇಳಿಯಿತು. ನಡುವೆ ಒಂದು ಕಡೆ ನೇಯ್ಗೆ ಸ್ವಲ್ಪ ಸಡಿಲಾಗಿದೆ ಎಂದು ಅವಳೇ ತೋರಿಸಿದಳು, ನನಗೆ ಕಾಣಲಿಲ್ಲ.

ವರ್ಷದ ಔಷಧಿ ಮುಗಿಯಿತು. ಅದಾಗಿ ಕೆಲವು ತಿಂಗಳು ತಡೆದು, ಇನ್ನು ಬೇಡ ಎಂದು ಡಾಕ್ಟರ್ ಹೇಳಿದ ಮೇಲೆ ಪೋರ್ಟನ್ನು ತೆಗೆದರು. ಈಗ ಅಲ್ಲಿ ಬೆರಳುದ್ದದ ಗೆರೆ ಇದೆ. ತಪಾಸಣೆಗೆ ಹೋದಾಗಲೆಲ್ಲ ಫಲಿತಾಂಶ ಬರುವವರೆಗೆ ನಾನು ಆಸ್ಪತ್ರೆಯ ವರಾಂಡ ಅಳೆಯುತ್ತೇನೆ, ಅಕ್ಕ ಕುರ್ಚಿಯಲ್ಲಿ ತೂಕಡಿಸುತ್ತಾಳೆ. ಇಲ್ಲಿಯವರೆಗೆ ಎಲ್ಲ ಸರಿಯಾಗಿದೆ.

ಇದನ್ನು ಕೇಳಿ ತಿಳಿದವರು ಕೆಲವರು ನನ್ನ ಹತ್ತಿರ ಬರುವುದುಂಟು. ವಡ್ಡೆಪಲ್ಲಿಯ ಒಬ್ಬಳು ಹೆಣ್ಣುಮಗಳು, ಮಗ್ಗ ಗೊತ್ತಿಲ್ಲದವಳು, ನಾಲ್ಕು ತಿಂಗಳ ಕೀಮೋ ಹೇಳಿಸಿಕೊಂಡು ಬಂದು, "ಯಾವುದು ಹಾಕಿಸ್ಕೊಳ್ಲಿ ಅಕ್ಕಾರ?" ಎಂದು ಕೇಳಿದಳು. ಪೋರ್ಟ್ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ತಡೆದುಕೊಂಡೆ. ಎಷ್ಟು ದಿನದ ಔಷಧಿ, ವಾರವಾರ ಡ್ರೆಸಿಂಗ್ ಎಲ್ಲಿ ಆಗುತ್ತದೆ, ಮನೆಯಲ್ಲಿ ಏನು ಕೆಲಸ ಮಾಡುತ್ತೀ, ಎಲ್ಲವನ್ನೂ ಡಾಕ್ಟರಿಗೆ ನೀನೇ ಹೇಳು, ನೀನೇ ಕೇಳು ಎಂದೆ. ಅವಳು ತನ್ನ ಡಾಕ್ಟರೊಡನೆ ಮಾತಾಡಿ ತೋಳಿನ ಪೈಪನ್ನೇ ಹಾಕಿಸಿಕೊಂಡಳು. ಡ್ರೆಸಿಂಗಿಗೆ ಕರ್ನೂಲಿಗೆ ಹೋಗಿ ಬರುತ್ತಿದ್ದಳು.

ನಾನು ಸುಮ್ಮನಿರಲಾರದೆ ಪ್ರತಿ ಸೋಮವಾರ ಊಟಕ್ಕೆ ಕೂರುವ ಮೊದಲು ಅವಳಿಗೆ ಫೋನ್ ಮಾಡಿ ಜ್ವರ ಇದೆಯೇ ಎಂದು ಕೇಳುತ್ತಿದ್ದೆ. ಒಂದು ತಿಂಗಳಾಯಿತು, ಎರಡಾಯಿತು, ಏನೂ ಆಗಲಿಲ್ಲ. ಕಡೆಕಡೆಗೆ ಅವಳು ಫೋನ್ ಎತ್ತಿದವಳೇ, ನಾನು ಬಾಯಿ ತೆರೆಯುವ ಮೊದಲೇ ನಗುತ್ತ ಹೇಳುತ್ತಿದ್ದಳು: "ಇವತ್ತೂ ಜ್ವರ ಇಲ್ಲ್ರಿ ಅಕ್ಕಾರ. ನೀವು ಊಟಾ ಮಾಡ್ರಿ."